ಸಾಣಾಪುರದ ಬಂಡೆಗಳಿಗೆ ಮತ್ತೆ ಮತ್ತೆ ಬರುವವರು

ಶನಿವಾರ ಬೆಳಗಾದರೆ ಸಾಕು, ಹಂಪಿಯ ಎದುರು ತುಂಗಭದ್ರೆಯ ಆಚೆ ದಂಡೆಯ ಆನೆಗೊಂದಿಯಿಂದ ಸಾಣಾಪುರದ ಕಡೆ ಹೋಗುವ ರಸ್ತೆ ತುಂಬಿಹೋಗುತ್ತದೆ. ಬೆಂಗಳೂರಿನ ಕಾರು, ಹೈದರಾಬಾದಿನ ಕಾರು, ಬಾಡಿಗೆ ಸ್ಕೂಟಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದವರು, ಕೆರೆಯಲ್ಲಿ ಹರಿಗೋಲಿನೊಳಗೆ ಕೂತು ಗಿರಗಿರ ತಿರುಗಿದವರು, ಹೊಳೆದಂಡೆಯ ಬಂಡೆ ಮೇಲೆ ಫೋಟೊ ತೆಗೆಸಿಕೊಂಡವರು, ಎಲ್ಲರೂ ಭಾನುವಾರ ಸಂಜೆಗೆ ಜಾಗ ಖಾಲಿ ಮಾಡುತ್ತಾರೆ. ಅದೇ ರಸ್ತೆಯಲ್ಲಿ ಹೊತ್ತು ಹುಟ್ಟುವ ಮೊದಲೇ ಬೆನ್ನಿಗೆ ದಪ್ಪನೆಯ ಕ್ರ್ಯಾಶ್ ಪ್ಯಾಡ್, ಅಂದರೆ ಬಿದ್ದರೆ ಪೆಟ್ಟಾಗದಂತೆ ಬಂಡೆಯ ಕೆಳಗೆ ಹಾಸುವ ಹಾಸಿಗೆ, ಕಟ್ಟಿಕೊಂಡು ನಡೆಯುವ ಇನ್ನೊಂದು ಗುಂಪು ಇದೆ. ಹಗ್ಗವಿಲ್ಲದೆ ಬಂಡೆ ಹತ್ತುವವರು. ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಣುವ ಮುಖಗಳು ಇವು. ಕೆಲವರು ಹೋದ ವರ್ಷವೂ ಇದ್ದರು, ಅದರ ಹಿಂದಿನ ವರ್ಷವೂ ಇದ್ದರು.

ಮೊದಲ ಗುಂಪು ಹೋಗುವಾಗ ‘ಸೂಪರ್’ ಅಂತ ಹೇಳಿ, ಫೋನಿನಲ್ಲಿ ಐದು ಸ್ಟಾರ್ ಒತ್ತಿ ಹೋಗುತ್ತದೆ. ಬಹಳಷ್ಟು ಜನ ಮತ್ತೆ ಬರುವುದಿಲ್ಲ. ಎರಡನೇ ಗುಂಪು ಬೆರಳಿನ ಚರ್ಮ ಕಿತ್ತುಹೋಯಿತು, ಭುಜ ನೋಯುತ್ತಿದೆ, ಅಂದುಕೊಂಡ ಬಂಡೆ ಈ ಸಲವೂ ಕೈಗೂಡಲಿಲ್ಲ ಅಂತ ಹೇಳಿಕೊಂಡು ಹೋಗುತ್ತದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಹಾಜರ್.

ಖುಷಿಯಾಗಿ ಹೋದವರು ಬರಲ್ಲ, ಕೈ ಸುಲಿದುಕೊಂಡು ಹೋದವರು ಬರ್ತಾರೆ. ಯಾಕೆ?

ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರಜೆ ಸಿಕ್ಕಾಗ ನಮ್ಮ ಕಾಕಾನ ಮನೆಗೆ ಹೋಗುತ್ತೇನೆ. ಸಾಣಾಪುರದ ಹತ್ತಿರ ಕಾಕಾ ಕೆಲವು ಖೋಲಿಗಳನ್ನು ಬಾಡಿಗೆಗೆ ಕೊಡುತ್ತಾನೆ. ಪ್ಯಾಡ್‌ಗಳನ್ನೂ ಬಾಡಿಗೆಗೆ ಇಟ್ಟಿದ್ದಾನೆ. ಬಂಡೆ ತೋರಿಸಲು ಊರಿನ ಹುಡುಗರನ್ನು ಜೊತೆಗೆ ಕಳಿಸುತ್ತಾನೆ. ಅವನ ಲೆಕ್ಕದ ಪುಸ್ತಕ ಬರೆಯುವುದು ನಾನೇ. ಒಂದು ಸಲ ಬಂದು ಹೋದವರ ದುಡ್ಡು ಎಷ್ಟು, ತಿರುಗಿ ಬಂದವರ ದುಡ್ಡು ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡಿದಾಗಲೇ ಈ ಪ್ರಶ್ನೆ ತಲೆಗೆ ಹೊಕ್ಕಿತು. ಹರಿಗೋಲಿಗೆ ಬಂದವರು ತಾಸೊತ್ತು ಇರುತ್ತಾರೆ. ಬಂಡೆಗೆ ಬಂದವರು ವಾರಗಟ್ಟಲೆ ಇರುತ್ತಾರೆ. ಅವರ ಊಟ, ಚಹಾ, ಸ್ಕೂಟಿ, ಬಟ್ಟೆ ಒಗೆಸುವುದು, ಹರಿದ ಪ್ಯಾಡ್ ಹೊಲಿಸುವುದು ಎಲ್ಲ ಇಲ್ಲೇ. ಅವರು ಬಂದರೆ ಕಾಕಾನ ಮನೆ ಮಾತ್ರವಲ್ಲ, ಟೇಲರ್ ಅಂಗಡಿಯೂ ನಡೆಯುತ್ತದೆ.

ಅಕ್ಕಿ ವ್ಯಾಪಾರದಲ್ಲಿ ಗಿರಾಕಿ ತಿರುಗಿ ಬರುವುದಕ್ಕೆ ಒಂದೇ ಕಾರಣ. ಹೋದ ಸಲದ ಸೋನಾಮಸೂರಿ ಹೇಗಿತ್ತೋ ಈ ಸಲದ್ದೂ ಹಾಗೇ ಇರಬೇಕು. ಕಾಳು ಬದಲಾದರೆ ಗಿರಾಕಿ ಹೋದ. ಸಾಹಸ ಪ್ರವಾಸದ ವ್ಯಾಪಾರವನ್ನೂ ಇಲ್ಲಿ ಎಷ್ಟೋ ಜನ ಹಾಗೇ ನಡೆಸುತ್ತಾರೆ. ಅದೇ ಕೆರೆ, ಅದೇ ಸುತ್ತು, ಅದೇ ರೇಟು, ಅದೇ ಫೋಟೊ. ಆದರೆ ಹರಿಗೋಲು ಒಂದು ಸಲ ಗಿರಗಿರ ತಿರುಗಿದಾಗ ಎದೆ ಝಲ್ ಅನ್ನುತ್ತದೆ. ಎರಡನೇ ಸಲ ಅಷ್ಟು ಅನ್ನುವುದಿಲ್ಲ. ಮೂರನೇ ಸಲ ಜನ ಫೋನ್ ನೋಡುತ್ತಾ ಕೂತಿರುತ್ತಾರೆ. ಭಯವನ್ನೇ ಮಾರುವ ವ್ಯಾಪಾರಕ್ಕೆ ಇರುವ ಕಷ್ಟ ಇದು. ಸರಕು ಮೊದಲ ದಿನವೇ ಮುಗಿದುಹೋಗುತ್ತದೆ.

ಬಂಡೆ ಹಾಗಲ್ಲ. ಇದನ್ನು ಹತ್ತಿರದಿಂದ ನೋಡಬೇಕು.

ಬೆಳಿಗ್ಗೆ ಆರೂವರೆ. ಕಲ್ಲು ಇನ್ನೂ ತಣ್ಣಗಿದೆ. ಬಿಸಿಲೇರಿದರೆ ಬೆರಳು ಬೆವರುತ್ತದೆ, ಹಿಡಿತ ಜಾರುತ್ತದೆ. ಅದಕ್ಕೇ ಇವರು ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹತ್ತುತ್ತಾರೆ, ಮಧ್ಯಾಹ್ನ ಮಲಗುತ್ತಾರೆ. ಬಾಳೆತೋಟದ ಹಿಂದೆ ಎರಡಾಳೆತ್ತರದ ಒಂದು ಬಂಡೆ. ಹಗ್ಗ ಇಲ್ಲ. ಕೆಳಗೆ ಎರಡು ಪ್ಯಾಡ್ ಹಾಸಿ, ನಡುವಿನ ಸಂದನ್ನು ಇನ್ನೊಂದು ತೆಳುವಾದ ಪ್ಯಾಡಿನಿಂದ ಮುಚ್ಚುತ್ತಾರೆ. ಕಾಲು ಆ ಸಂದಿಗೆ ಬಿದ್ದರೆ ಪಾದದ ಕೀಲು ತಿರುಚಿಕೊಳ್ಳುತ್ತದೆ. ಹತ್ತುವ ಹೆಣ್ಣುಮಗಳು ಪುಣೆಯವಳು. ಕೈಗೆ ಚಾಕ್ ಪುಡಿ ಉಜ್ಜಿಕೊಂಡು, ಬಂಡೆಯ ಹೊಟ್ಟೆಯ ಕೆಳಗೆ ಕೂತು ಶುರು ಮಾಡುತ್ತಾಳೆ. ಮೊದಲ ಮೂರು ಹಿಡಿತ ಸರಾಗ. ನಾಲ್ಕನೆಯದು ನಾಣ್ಯದ ದಪ್ಪದ ಒಂದು ಅಂಚು. ಅಲ್ಲಿಗೆ ಕೈ ಹೋಗುತ್ತದೆ, ಹಿಡಿಯುತ್ತದೆ, ಅಷ್ಟರಲ್ಲಿ ಎಡಗಾಲು ಜಾರುತ್ತದೆ. ದಪ್ ಅಂತ ಪ್ಯಾಡಿನ ಮೇಲೆ. ಮತ್ತೆ. ಮತ್ತೆ. ಕಾಕಾನ ಕಡೆಯ ಹುಡುಗ ಎರಡೂ ಕೈ ಮೇಲೆತ್ತಿ ಅವಳ ಸೊಂಟದ ಹಿಂದೆ ನಿಂತಿದ್ದಾನೆ. ಬಿದ್ದರೆ ತಲೆ ಕಲ್ಲಿಗೆ ಬಡಿಯದಂತೆ ಪ್ಯಾಡಿನ ಕಡೆ ತಳ್ಳುವುದು ಅವನ ಕೆಲಸ. “ಅಕ್ಕಾ, ಎಡಗಾಲು ಇನ್ನೊಂಚೂರು ಮ್ಯಾಲಿಡ್ರಿ. ಆ ಕರೇ ಕಲೆ ಐತಲ್ರಿ, ಅದರ ಮ್ಯಾಲ” ಅನ್ನುತ್ತಾನೆ. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೂ ಇದು ಅರ್ಥವಾಗುತ್ತದೆ. ಕಾಲು ಕರಿ ಕಲೆಗೆ ಹೋಗುತ್ತದೆ. ಆ ದಿನವೂ ಬಂಡೆ ಮುಗಿಯಲಿಲ್ಲ. ಆದರೆ ನಿನ್ನೆ ಕೈಗೆ ಎಟುಕದ ಹಿಡಿತ ಇವತ್ತು ಎಟುಕಿತು. ಸಂಜೆ ಊಟಕ್ಕೆ ಕೂತಾಗ ಅವಳ ಮಾತೆಲ್ಲ ಆ ಒಂದು ಹಿಡಿತದ್ದೇ.

ಅವಳು ಮುಂದಿನ ವರ್ಷ ಬಂದಾಗ ಬಂಡೆ ಅದೇ ಇರುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು, ಒಂದು ವರ್ಷಕ್ಕೆ ಎಲ್ಲಿ ಬದಲಾಗುತ್ತೆ? ಬದಲಾಗಿರುವುದು ಅವಳ ಕೈ. ಅದನ್ನು ಅಳೆದು ನೋಡಬೇಕು ಅಂದರೆ ಅವಳು ಇಲ್ಲಿಗೇ ಬರಬೇಕು. ಯಾವ ಜಾಹೀರಾತೂ ಕೊಡಲಾರದ ಕಾರಣ ಇದು.

ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಬಂಡೆ ಹತ್ತುವವರು, ಚದುರಂಗ ಆಡುವವರು, ನೃತ್ಯ ಮಾಡುವವರನ್ನೆಲ್ಲ ಕೂರಿಸಿಕೊಂಡು ಮಾತಾಡಿಸಿದ್ದರು. ಅವರು ಕಂಡುಕೊಂಡದ್ದು ಇಷ್ಟು. ಕೆಲಸ ನಮ್ಮ ಕೈಗಿಂತ ತೀರಾ ಸುಲಭವಾದರೆ ಬೇಜಾರು. ತೀರಾ ಕಷ್ಟವಾದರೆ ಗಾಬರಿ. ಎರಡೂ ಸರಿಸಮ ಕೂತಾಗ ಮನುಷ್ಯ ಮೈಮರೆಯುತ್ತಾನೆ, ಆ ಮೈಮರೆವಿಗಾಗಿ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾನೆ. ಕೈ ಪಳಗಿದ ಹಾಗೆ ಕೆಲಸವೂ ಒಂದು ಮೆಟ್ಟಿಲು ಮೇಲೇರಬೇಕು, ಇಲ್ಲದಿದ್ದರೆ ಬೇಜಾರು ಶುರು. ನಮ್ಮ ಕಡೆಯ ಬಂಡೆಗಳಲ್ಲಿ ಆ ಮೆಟ್ಟಿಲುಗಳು ಪ್ರಕೃತಿಯೇ ಇಟ್ಟಂತೆ ಇವೆ. ಮಕ್ಕಳು ಓಡಿ ಹತ್ತುವ ಕಲ್ಲಿನ ಪಕ್ಕದಲ್ಲೇ, ವರ್ಷಗಟ್ಟಲೆ ಪಳಗಿದವರಿಗೂ ಬಗ್ಗದ ಕಲ್ಲು ಇದೆ. ಅದನ್ನು ಗೊತ್ತಿರುವ ಹುಡುಗನೊಬ್ಬ ಜೊತೆಗಿದ್ದು, “ನೀವು ಹೋದ ವರ್ಷ ಅದನ್ನ ಮುಗಿಸಿದ್ರಿ, ಈ ವರ್ಷ ಇದನ್ನ ನೋಡ್ರಿ” ಅಂದರೆ ಸಾಕು.

ಜಿಗಿಯುವ ಆಟಗಳಿಗೆ ಈ ಮೆಟ್ಟಿಲು ಇಲ್ಲ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಹತ್ತಿರ ಕವರಾವ್ ಸೇತುವೆಯಲ್ಲಿ 1988ರಲ್ಲಿ ಬಂಜಿ, ಅಂದರೆ ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಕೆಳಕ್ಕೆ ಜಿಗಿಯುವ ಆಟದ ವ್ಯಾಪಾರ ಶುರುವಾಯಿತು. 43 ಮೀಟರ್ ಎತ್ತರ. ಇವತ್ತಿಗೂ ನಡೆಯುತ್ತಿದೆ. ಆದರೆ ಅಲ್ಲಿಗೆ ಜಗತ್ತಿನ ಎಲ್ಲ ಕಡೆಯಿಂದ ಹೊಸಬರು ಬರುತ್ತಲೇ ಇರುತ್ತಾರೆ, ಒಬ್ಬೊಬ್ಬರು ಒಂದೊಂದು ಸಲ ಜಿಗಿದರೂ ಸಾಕು. ನಮ್ಮ ಕೊಪ್ಪಳ ಜಿಲ್ಲೆಯ ಸಣ್ಣ ಹಳ್ಳಿಗೆ ಹೊಸಬರನ್ನೇ ನಂಬಿಕೊಂಡು ಬದುಕುವ ಶಕ್ತಿ ಇಲ್ಲ. ರಾತ್ರಿ ರೈಲಿನಲ್ಲಿ ಹೊಸಪೇಟೆಗೆ ಬಂದಿಳಿದು, ಅಲ್ಲಿಂದ ಆಟೊ ಹಿಡಿದು ಹೊಳೆ ದಾಟಿ ಬರುವ ಊರು ಇದು.

ಒಂದು ಮಾತು ಸೇರಿಸಬೇಕು. ಬರದವರೆಲ್ಲ ಬೇಸರಪಟ್ಟುಕೊಂಡೇ ಬರದೆ ಇರುವುದಿಲ್ಲ. ಹೊಸ ಜಾಗ ನೋಡುವುದೇ ಕೆಲವರ ಹುಚ್ಚು. ಇಲ್ಲಿ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಮುಂದಿನ ಸಲ ಅವರು ಸ್ಪಿತಿಗೋ ಮೇಘಾಲಯಕ್ಕೋ ಹೋಗುತ್ತಾರೆ. ಆದರೆ ಗೆಳೆಯರನ್ನು ಇಲ್ಲಿಗೆ ಕಳಿಸುತ್ತಾರೆ. ಕಾಕಾನ ಪುಸ್ತಕದಲ್ಲಿ “ಇಂಥವರು ಕಳಿಸಿದರು” ಅಂತ ಬರೆಯಲು ಒಂದು ಸಾಲೇ ಬಿಟ್ಟಿದ್ದೇನೆ. ಅದೂ ಒಂದು ರೀತಿ ತಿರುಗಿ ಬಂದ ಹಾಗೇ ಅಲ್ವಾ?

ಇನ್ನು ನಂಬಿಕೆಯ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದು.

ಸಾಣಾಪುರದ ಕೆರೆಯಲ್ಲಿ ಹರಿಗೋಲು ಹಾಕುವ ಒಬ್ಬ ಅಂಬಿಗರಿದ್ದಾರೆ. ವಯಸ್ಸಾಗಿದೆ. ಬಿದಿರು ಹೆಣೆದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದ ಅವರ ಹರಿಗೋಲನ್ನು ಅವರೇ ಮಾಡಿಕೊಂಡದ್ದು. ಒಂದು ದಿನ ಹುಡುಗರ ಗುಂಪೊಂದು ಬಂದು, ಕೆರೆ ಬೇಡ, ಹೊಳೆಗೆ ಹೋಗೋಣ, ದುಡ್ಡು ಜಾಸ್ತಿ ಕೊಡ್ತೀವಿ ಅಂತ ಹಟ ಹಿಡಿಯಿತು. ಅಂಬಿಗರು ಹೊಳೆ ಕಡೆ ಹೋಗಿ, ಬಂಡೆಯ ಬುಡದಲ್ಲಿ ನೀರು ಸುಳಿ ತಿರುಗುವುದನ್ನು ನೋಡಿಕೊಂಡು ಬಂದರು. “ಇವತ್ತ ಬ್ಯಾಡ್ರಿ. ಮ್ಯಾಲಿಂದ ನೀರು ಬಿಟ್ಟಾರ, ಸೆಳವು ಜಾಸ್ತಿ ಐತಿ” ಅಂದರು. ಹುಡುಗರಿಗೆ ಸಿಟ್ಟು ಬಂತು. ಹೊರಟೇ ಹೋದರು. ಆದರೆ ಅವರಲ್ಲೊಬ್ಬ ಹೋಗುವಾಗ ಅಂಬಿಗರ ನಂಬರ್ ಬರೆದುಕೊಂಡಿದ್ದ. ಸಂಕ್ರಾಂತಿ ರಜೆಯಲ್ಲಿ ಅಪ್ಪ, ಅಮ್ಮ, ತಂಗಿಯನ್ನು ಕರೆದುಕೊಂಡು ಬಂದ. “ಯಜಮಾನ್ರ, ನೀವು ಬ್ಯಾಡ ಅಂದ್ರೆ ಬ್ಯಾಡ, ಹೂಂ ಅಂದ್ರೆ ಹೂಂ. ಅದಕ್ಕ ನಿಮ್ಮ ಹತ್ರಾನ ಬಂದೀವಿ” ಅಂದ. ಮನೆಮಂದಿಯನ್ನು ನೀರಿನ ಮೇಲೆ ಕೂರಿಸಬೇಕಾದಾಗ ಮನುಷ್ಯ ರೇಟು ನೋಡುವುದಿಲ್ಲ.

ಇಲ್ಲಿ ಇದು ಬರೀ ವ್ಯಾಪಾರದ ಮಾತಲ್ಲ. 2025ರ ಫೆಬ್ರುವರಿಯಲ್ಲಿ ಪ್ರವಾಸಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳು ಸಾಣಾಪುರದ ಹತ್ತಿರ ಬಂಡೆ ಮೇಲಿಂದ ಹೊಳೆಗೆ ಜಿಗಿದು ಸೆಳವಿಗೆ ಸಿಕ್ಕಳು. ಮೇಲೆ ಬರಲಿಲ್ಲ. ತುಂಗಭದ್ರೆಯ ಈ ಭಾಗದಲ್ಲಿ ನೀರಿನ ಅಡಿಯಲ್ಲೂ ಬಂಡೆಗಳಿವೆ, ಬಂಡೆಗಳ ನಡುವೆ ಪೊಟರೆಗಳಿವೆ. ಮೇಲಿಂದ ನೋಡಿದರೆ ನೀರು ಸುಮ್ನೆ ಹರಿಯುವ ಹಾಗೆ ಕಾಣುತ್ತದೆ. ಎಲ್ಲಿ ಜಿಗಿಯಬಾರದು ಅಂತ ಹೇಳುವ ಸ್ಥಳೀಯನೊಬ್ಬ ಪಕ್ಕದಲ್ಲಿ ಇರಲೇಬೇಕು. ಅವನ ಮಾತಿಗೆ ಬೆಲೆ ಇರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ತಂದಿದೆ. ನೆಲ, ನೀರು, ಗಾಳಿ ಮೂರರ ಆಟಗಳೂ ಅದರಲ್ಲಿವೆ. ಗೈಡ್‌ಗೆ ತರಬೇತಿ ಹೇಗಿರಬೇಕು, ಸಾಮಾನು ಹೇಗಿರಬೇಕು, ಅಪಘಾತವಾದರೆ ಏನು ಮಾಡಬೇಕು ಎಲ್ಲ ಬರೆದಿದೆ. ಅದು ಕನ್ನಡದಲ್ಲಿ, ಚಿತ್ರ ಹಾಕಿ, ಕೆರೆದಂಡೆಯ ಪ್ರತಿ ಚಹಾ ಅಂಗಡಿಯ ಗೋಡೆಯ ಮೇಲೂ ಇರಬೇಕು ಅನ್ನುವುದು ನನ್ನ ಆಸೆ.

ದಿನ ಹೇಗೆ ಮುಗಿಯುತ್ತದೆ ಅನ್ನುವುದನ್ನು ನಮ್ಮ ಕಡೆಯ ವ್ಯಾಪಾರಸ್ಥರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅವರ ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನ ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ನಿಧಾನಕ್ಕೆ 15 ಡಿಗ್ರಿಗೆ ಏರಿಸುತ್ತಾರೆ. ಮತ್ತೊಮ್ಮೆ ಮಾಡಬೇಕು ಅಂದರೆ ಯಾವುದನ್ನು ಆರಿಸುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಜಾಸ್ತಿ ಹೊತ್ತು ಇದ್ದರೂ ಕೊನೆ ಸ್ವಲ್ಪ ಹಗುರವಾಗಿತ್ತು, ನೆನಪಿನಲ್ಲಿ ಉಳಿದದ್ದು ಅದು. ಇದನ್ನು ಓದಿದಾಗ ನನಗೆ ನೆನಪಾದದ್ದು ಕೆರೆದಂಡೆಯ ಜಗಳಗಳು. ಒಂದು ತಾಸು ಖುಷಿಯಾಗಿ ತೇಲಿ ಬಂದವರ ಹತ್ತಿರ ದಡದಲ್ಲಿ ಕಾಲಿಡುವ ಮೊದಲೇ ಹೆಚ್ಚು ದುಡ್ಡು ಕೇಳುವವರಿದ್ದಾರೆ. ‘ಹಾಡು ಹಾಡಿದ್ದಕ್ಕ ಬ್ಯಾರೆ, ತಿರುಗಿಸಿದ್ದಕ್ಕ ಬ್ಯಾರೆ’ ಅನ್ನುತ್ತಾರೆ. ಆ ಇನ್ನೂರು ರೂಪಾಯಿ ಆ ದಿನಕ್ಕೆ ಸಿಗುತ್ತದೆ. ಆ ಕುಟುಂಬ ಮನೆಗೆ ಒಯ್ಯುವ ನೆನಪು ಮಾತ್ರ ಜಗಳದ್ದೇ. ಕಾಕಾನ ಮನೆಯಲ್ಲಿ ರೇಟು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದಿದೆ. ಹೊರಡುವ ದಿನ ಲೆಕ್ಕ ಹಿಂದಿನ ರಾತ್ರಿಯೇ ಮುಗಿಸುತ್ತಾನೆ. ಬೆಳಿಗ್ಗೆ ಕಾಕಿ ಒಗ್ಗರಣಿ ಮಿರ್ಚಿ ಮಾಡಿ, ದಾರಿಗೆ ಅಂತ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟಿಕೊಡುತ್ತಾಳೆ. ಬೆಳಿಗ್ಗೆ ದುಡ್ಡಿನ ಮಾತೇ ಇಲ್ಲ.

ನೆನಪಿಟ್ಟುಕೊಳ್ಳುವುದೂ ಒಂದು ಕಸುಬು. ನಾನು ಬರೆಯುವ ಪುಸ್ತಕದಲ್ಲಿ ದುಡ್ಡಿನ ಅಂಕಣದ ಪಕ್ಕ ಕಾಕಾ ಇನ್ನೊಂದು ಅಂಕಣ ಹಾಕಿಸಿದ. ‘ಖಾರ ಕಡಿಮಿ.’ ‘ಹಾಲಿಲ್ಲದ ಚಹಾ.’ ‘ಬಲಮೊಣಕಾಲು ನೋವು, ಎತ್ತರದ ಬಂಡೆ ಬ್ಯಾಡ.’ ‘ಬೇವಿನ ಗಿಡದ ಕಡೆ ಖೋಲಿ ಬೇಕಂತಾಳ.’ ಯಾರಾದರೂ ಮತ್ತೆ ಬರುತ್ತೇನೆ ಅಂತ ಫೋನ್ ಮಾಡಿದರೆ, “ಲೇ ತಮ್ಮಾ, ಬುಕ್ ತಗಿ” ಅನ್ನುತ್ತಾನೆ. ಬಂದಿಳಿದವರಿಗೆ ಕೇಳದೆಯೇ ಹಾಲಿಲ್ಲದ ಚಹಾ ಬರುತ್ತದೆ. ಆಗ ಅವರ ಮುಖ ನೋಡಬೇಕು.

ಜೊತೆಗಾರರೂ ಮುಖ್ಯ. ಅಂಜನಾದ್ರಿಗೆ ಪ್ರತಿ ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿದವರು ಬರುತ್ತಾರೆ. ಭಕ್ತಿ ಇದ್ದೇ ಇದೆ. ಜೊತೆಗೆ ಅದೇ ಊರಿನ ಅದೇ ಗುಂಪು, ಒಟ್ಟಿಗೆ ನಡೆದ ದಾರಿ, ಒಟ್ಟಿಗೆ ಉಂಡ ಊಟ. ಬಂಡೆ ಹತ್ತುವವರಲ್ಲೂ ಇದನ್ನು ಕಂಡಿದ್ದೇನೆ. ಹಗ್ಗ ಇಲ್ಲದ ಆಟ ಆದ್ದರಿಂದ ಒಬ್ಬರು ಹತ್ತುವಾಗ ಇನ್ನೊಬ್ಬರು ಕೆಳಗೆ ಕೈಯೆತ್ತಿ ನಿಲ್ಲಲೇಬೇಕು. ಹಾಗೆ ನಿಂತವರ ನಡುವೆ ಗೆಳೆತನ ಬೇಗ ಬೆಳೆಯುತ್ತದೆ. ಕೇರಳದವನೂ ಜರ್ಮನಿಯವನೂ ಮುಂದಿನ ವರ್ಷ ಇದೇ ವಾರ ಬರೋಣ ಅಂತ ಮಾತಾಡಿಕೊಂಡು ಹೋಗುತ್ತಾರೆ. ಕಾಕಾ ಇದಕ್ಕೆ ಮಾಡಿದ್ದು ಅಂಗಳದಲ್ಲಿ ಒಂದು ಉದ್ದನೆಯ ಬೆಂಚು ಹಾಕಿಸಿದ್ದು, ಅಷ್ಟೇ. ಖೋಲಿಗೆ ಊಟ ಕಳಿಸುವುದಿಲ್ಲ. ಎಲ್ಲರೂ ಅಲ್ಲೇ ಬಂದು ಕೂರಬೇಕು.

ಇಷ್ಟೆಲ್ಲ ಇದ್ದರೂ, ತಿರುಗಿ ಬರುವವರಿಗೆ ತಿರುಗಿ ಬರಲು ಒಂದು ಮನೆ ಇರಬೇಕಲ್ಲ? ಹಂಪಿಯ ಎದುರು ಹೊಳೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯ ಕತೆ ನಿಮಗೆ ಗೊತ್ತಿರಬಹುದು. ವರ್ಷಗಟ್ಟಲೆ ಬಂಡೆ ಹತ್ತುವವರು, ಹಿಪ್ಪಿಗಳು, ಕಾಲೇಜು ಹುಡುಗರು ಬಂದು ಇಳಿಯುತ್ತಿದ್ದ ಜಾಗ. ಅಲ್ಲಿನ ಕಟ್ಟಡಗಳು ಹಂಪಿಯ ಪರಂಪರೆ ನಿಯಮ ಮೀರಿದ್ದವು ಅಂತ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾರ್ಚ್‌ನಲ್ಲಿ ಎಲ್ಲ ತೆರವಾಯಿತು. ನಿಯಮ ಬೇಡ ಅಂತ ನಾನು ಹೇಳಲಾರೆ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಈ ನೆಲ ಉಳಿಯದಿದ್ದರೆ ಯಾರೂ ಬರುವುದಿಲ್ಲ. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದವರು, ಪ್ಯಾಡ್ ಹೊರುತ್ತಿದ್ದವರು, ಯಾವ ಬಂಡೆಗೆ ಯಾವ ದಾರಿ ಅಂತ ಬಲ್ಲವರು ಚದುರಿಹೋದರು. ಹಳೆಯ ಅತಿಥಿಗಳು ಬಂದು ಗುರುತಿನ ಮುಖ ಹುಡುಕಿದರು. ಎಲ್ಲಿ ಕಟ್ಟಬಹುದು, ಎಷ್ಟು ಕಟ್ಟಬಹುದು, ಮನೆಯೊಳಗೆ ಎಷ್ಟು ಖೋಲಿ ಕೊಡಬಹುದು ಅಂತ ಹಳ್ಳಿಯವರಿಗೆ ಮೊದಲೇ ತಿಳಿಸಿ ಹೇಳಿದರೆ, ಸಣ್ಣದಾಗಿ, ಕಾನೂನಿನ ಒಳಗೇ ಈ ಕಸುಬು ನಿಲ್ಲುತ್ತದೆ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ದಂಡೆಯಲ್ಲಿ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು, ಜೊತೆಗಿದ್ದ ಪ್ರವಾಸಿಗರೊಬ್ಬರು ಜೀವ ಕಳೆದುಕೊಂಡರು. ಆಮೇಲೆ ಎಷ್ಟೋ ಖೋಲಿ ಖಾಲಿಯಾದವು. ಆ ಖಾಲಿ ಖೋಲಿಗಳ ಲೆಕ್ಕ ಅದಕ್ಕಿಂತ ದೊಡ್ಡದಲ್ಲ. ಅವರಲ್ಲಿ ಒಬ್ಬಳು ಇಲ್ಲೇ ಹೋಮ್‌ಸ್ಟೇ ನಡೆಸುತ್ತಿದ್ದವಳು, ಉಳಿದವರು ನಮ್ಮ ಊರಿನ ಅತಿಥಿಗಳು. ಕಾಲುವೆ ಏರಿಯ ಮೇಲೆ ದೀಪ, ರಾತ್ರಿ ಪೊಲೀಸ್ ಗಸ್ತು, ಗಾಬರಿಯಾದಾಗ ಓಡಿ ಬಂದು ಬಾಗಿಲು ಬಡಿಯಬಹುದಾದ ಮನೆಗಳು, ಇವು ಸೌಕರ್ಯಗಳ ಪಟ್ಟಿಗೆ ಸೇರಬಾರದು. ಇವಿಲ್ಲದೆ ಯಾರನ್ನೂ ಬನ್ನಿ ಅಂತ ಕರೆಯುವ ಹಕ್ಕು ನಮಗಿಲ್ಲ. ಆ ವರ್ಷ ಚಳಿಗಾಲಕ್ಕೆ ತಿರುಗಿ ಬಂದ ಕೆಲವು ಹಳಬರು ಫೋನಿನಲ್ಲಿ ಮೊದಲು ಕೇಳಿದ್ದು, “ರಾತ್ರಿ ಯಾರ ಜೊತೆ ಹೋಗಬೇಕು?” ಅಂತ. ಕಾಕಾ ಆಗಿನಿಂದ ಕತ್ತಲಾದ ಮೇಲೆ ಯಾರನ್ನೂ ಒಬ್ಬರೇ ಕಳಿಸುವುದಿಲ್ಲ.

ನೀರಿನ ವಿಷಯವೂ ನಮ್ಮ ಕೈಯಲ್ಲಿಲ್ಲ. ಸಾಣಾಪುರದ ಕೆರೆ ತುಂಬುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ನೀರು ಬಿಟ್ಟರೆ ಕೆರೆ ಏರುತ್ತದೆ, ನಿಂತರೆ ಇಳಿಯುತ್ತದೆ. 2024ರ ಆಗಸ್ಟಿನಲ್ಲಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಭತ್ತದವರಿಗೆ ಎಷ್ಟು ಎದೆ ಒಡೆಯಿತೋ ಹರಿಗೋಲಿನವರಿಗೂ ಅಷ್ಟೇ. ಕಾಳಿ ನದಿಯ ರಾಫ್ಟಿಂಗ್ ಕೂಡ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆಯೇ ನಿಂತಿದೆ. ಇಂಥ ಕಡೆ ಪ್ರವಾಸಿಗೆ ಮೊದಲೇ ನಿಜ ಹೇಳುವುದು ಒಳ್ಳೆಯದು. ‘ಈ ವಾರ ಕೆರ್ಯಾಗ ನೀರು ಕಡಿಮಿ, ಮುಂದಿನ ತಿಂಗಳು ಬರ್ರಿ’ ಅಂತ ಕಾಕಾ ಹೇಳಿದಾಗ ಒಂದು ಬುಕಿಂಗ್ ಹೋಗುತ್ತದೆ. ಮುಂದಿನ ತಿಂಗಳು ಅದೇ ಮನುಷ್ಯ ಬರುತ್ತಾನೆ.

ಹಾಗೆ ನೀರಿಲ್ಲದ ದಿನಗಳಲ್ಲಿ ಕಾಕಾ ಜನರನ್ನು ಹಿರೇಬೆಣಕಲ್ ಗುಡ್ಡಕ್ಕೆ ಕಳಿಸುತ್ತಾನೆ. ಮುಳ್ಳುಗಿಡ, ಜಾರುವ ಕಲ್ಲು, ಏರುದಾರಿ. ಮೇಲೆ ಹೋದರೆ ಸಾಲುಸಾಲು ಶಿಲಾಸಮಾಧಿಗಳು, ಕಲ್ಲಿನ ನಗಾರಿ, ಬಂಡೆಯ ಮೇಲೆ ಬರೆದ ಹಳೆಯ ಚಿತ್ರಗಳು. 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಒಂದು ಬೆಳಿಗ್ಗೆಗೆ ಮುಗಿಯುವ ಜಾಗ ಅಲ್ಲ ಅದು, ಹೋದವರು ಮತ್ತೊಂದು ದಿನ ಕೇಳುತ್ತಾರೆ.

ಬಂಡೆಯ ಕೆಳಗೆ ಕೈಯೆತ್ತಿ ನಿಂತಿದ್ದ ಆ ಹುಡುಗನಿಗೆ ಈಗ ತರಬೇತಿ ಬೇಕಾಗಿದೆ. ಬಂಡೆ ಹತ್ತುವುದನ್ನು ಬಂದವರಿಂದಲೇ ನೋಡಿ ನೋಡಿ ಕಲಿತ. ಪ್ರಥಮ ಚಿಕಿತ್ಸೆಯ ಕಾಗದ ಇಲ್ಲ, ಗೈಡ್ ಅಂತ ತೋರಿಸಲು ಗುರುತಿನ ಚೀಟಿ ಇಲ್ಲ. ಸಾಹಸ ತರಬೇತಿಗೆ ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಈ ಮಳೆಗಾಲ ಖೋಲಿಗಳು ಖಾಲಿ ಇರುವಾಗ ಅವನನ್ನು ಅಲ್ಲಿಗೆ ಕಳಿಸುವುದು ಅಂತ ಕಾಕಾ ಒಪ್ಪಿದ್ದಾನೆ. ಅರ್ಜಿ ನಾನು ಬರೆದುಕೊಡುತ್ತೇನೆ. ಅವನ ಅವ್ವನಿಗೆ ಮಾತ್ರ ಮಗ ಬೆಂಗಳೂರಿಗೆ ಹೋದರೆ ವಾಪಸ್ ಬರುತ್ತಾನೋ ಇಲ್ಲವೋ ಅನ್ನುವ ಚಿಂತೆ. ಅವನನ್ನು ಕೇಳಿದರೆ, ನವೆಂಬರಿಗೆ ಪುಣೆಯ ಅಕ್ಕ ಬರ್ತಾರ, ಅಷ್ಟರೊಳಗ ಬರ್ತೀನಿ ಅನ್ನುತ್ತಾನೆ.